ನೀರು ಕೆಡಿಸುವವರು ಯಾರು, ವಾಕ್ಯದಲ್ಲಿ ಕಾಣುತ್ತಿಲ್ಲ

ಪರಿಸರ ನೀತಿಗಳ ಕರಡು ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಯಾರ ಹೆಸರೂ ನನಗೆ ಗೊತ್ತಿಲ್ಲ. ಮಂತ್ರಿಗಳ ಹೆಸರು ಗೊತ್ತು, ಅವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆದರೆ ಅವರು ಸಹಿ ಹಾಕುವ ಕಾಗದವನ್ನು ಕೂತು ಬರೆಯುವವರು ನೀವು. ಕಾಯ್ದೆಯ ಕರಡು, ಅಧಿಸೂಚನೆ, ಒಪ್ಪಂದದ ಪಠ್ಯ, ಯೋಜನಾ ವರದಿ ಎಲ್ಲವೂ ನಿಮ್ಮ ಕೈಯಿಂದಲೇ ಹೊರಡುತ್ತವೆ. ನಾನು ಅಂಥವುಗಳಲ್ಲಿ ಕೆಲವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವವಳು. ನೀವು ಬರೆದದ್ದನ್ನು ನನ್ನಷ್ಟು ನಿಧಾನವಾಗಿ ಓದುವವರು ಬಹುಶಃ ಬೇರೆ ಯಾರೂ ಇರಲಿಕ್ಕಿಲ್ಲ. ಒಂದೊಂದು ಪದಕ್ಕೂ ಕನ್ನಡದಲ್ಲಿ ಜಾಗ ಹುಡುಕಬೇಕಲ್ಲ.

ಕೆಲವು ಸಮಯದ ಹಿಂದೆ ಒಂದು ಯೋಜನೆಯ ಪರಿಸರ ವರದಿ ನನ್ನ ಮೇಜಿಗೆ ಬಂತು. ಪೂರ್ತಿ ವರದಿಯಲ್ಲ, ಸಾರಾಂಶ ಮಾತ್ರ. ಅದರಲ್ಲಿದ್ದ ಎರಡು ವಾಕ್ಯಗಳನ್ನು ರೂಢಿಯಂತೆ ಕನ್ನಡಕ್ಕೆ ತಂದರೆ ಹೀಗಾಗುತ್ತವೆ: ‘ಮೇಲ್ಮೈ ಜಲಮೂಲಗಳ ಮೇಲೆ ಅಲ್ಪ ಪ್ರಮಾಣದ, ಸರಿಪಡಿಸಬಹುದಾದ ಪರಿಣಾಮಗಳನ್ನು ನಿರೀಕ್ಷಿಸಲಾಗಿದೆ. ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು.’

ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಯಾರೋ ನೆಂಟರನ್ನು ನಿರೀಕ್ಷಿಸುತ್ತಿರುವ ಹಾಗೆ ಪರಿಣಾಮಗಳನ್ನು ನಿರೀಕ್ಷಿಸಿದ್ದಾರೆ. ಇಷ್ಟಕ್ಕೂ ಅದರ ಅರ್ಥ ಏನು? ಕೆರೆಯ ನೀರು ಸ್ವಲ್ಪ ಕೆಡುತ್ತದೆ, ಆಮೇಲೆ ಯಾರೋ ಸರಿ ಮಾಡುತ್ತಾರೆ. ಅಷ್ಟೇ. ಸ್ವಲ್ಪ ಅಂದರೆ ಎಷ್ಟು? ಯಾರು ಸರಿ ಮಾಡುತ್ತಾರೆ? ಯಾವಾಗ? ಕೆಲಸ ಕೊಟ್ಟವರಿಗೆ ಫೋನ್ ಮಾಡಿ ಕೇಳಿದೆ. ‘ಇಂಗ್ಲಿಷಿನಲ್ಲಿ ಏನಿದೆಯೋ ಅದನ್ನೇ ಬರೀರಿ ಮೇಡಂ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ’ ಅಂದರು. ತಲೆ ಕೆಡಿಸಿಕೊಳ್ಳುವುದೇ ನನ್ನ ಕೆಲಸ ಅಂತ ಹೇಳಲಿಲ್ಲ. ಹೇಳಬೇಕಿತ್ತು.

ಕನ್ನಡದ ಕ್ರಿಯಾಪದದಲ್ಲಿ ಒಂದು ಗುಣ ಇದೆ. ಮಾಡಿದವರು ಯಾರು ಅನ್ನುವುದನ್ನು ಅದು ಬಾಲದಲ್ಲೇ ಇಟ್ಟುಕೊಂಡು ಓಡಾಡುತ್ತದೆ. ‘ಮಾಡುತ್ತೇನೆ’ ಅಂದರೆ ನಾನು. ‘ಮಾಡುತ್ತಾರೆ’ ಅಂದರೆ ಅವರು. ‘ನಾನು’ ಅಂತ ಬೇರೆ ಹೇಳದಿದ್ದರೂ ಸಿಕ್ಕಿಬೀಳುತ್ತೇನೆ. ತಪ್ಪಿಸಿಕೊಳ್ಳಲು ಇರುವ ದಾರಿ ‘ಮಾಡಲಾಗುವುದು’. ಇದರ ಬಾಲ ಕತ್ತರಿಸಿದೆ. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’, ‘ಗಮನಹರಿಸಲಾಗುವುದು’. ಮನೆಯಲ್ಲಿ ಯಾರೂ ಹೀಗೆ ಮಾತಾಡುವುದಿಲ್ಲ. ‘ಪಾತ್ರೆ ತೊಳೆಯಲಾಗುವುದು’ ಅಂತ ಮಗ ಹೇಳಿದರೆ ತಾಯಿ ಕೇಳುವ ಮೊದಲ ಪ್ರಶ್ನೆ ‘ಯಾರು?’ ಅಂತ. ನನ್ನ ಪತ್ರವೂ ಆ ಒಂದು ಪ್ರಶ್ನೆಯ ಬಗ್ಗೆಯೇ.

ಇದು ಬರೀ ವ್ಯಾಕರಣದ ಜಗಳ ಅನ್ನಿಸಬಹುದು. ಹಾಗಿದ್ದರೆ 2015ರ ಡಿಸೆಂಬರ್ 12ರ ಸಂಜೆಯನ್ನು ನೆನಪು ಮಾಡಿಕೊಳ್ಳಿ. ಭೂಮಿ ಬಿಸಿಯಾಗುವುದನ್ನು ತಡೆಯಲು ದೇಶಗಳು ಮಾಡಿಕೊಂಡ ಪ್ಯಾರಿಸ್ ಒಪ್ಪಂದದ ಅಂತಿಮ ಪಠ್ಯ ಸಿದ್ಧವಾಗಿತ್ತು. ಪ್ರತಿನಿಧಿಗಳೆಲ್ಲ ಸಭಾಂಗಣದಲ್ಲಿ ಕಾಯುತ್ತಿದ್ದರು. ಸಭೆ ಶುರುವಾಗಲಿಲ್ಲ. ತಡವಾಗಲು ಒಂದು ಮುಖ್ಯ ಕಾರಣ ಒಂದೇ ಒಂದು ಪದ. 4ನೇ ವಿಧಿಯ ಒಂದು ಕಡೆ, ಮುಂದುವರಿದ ದೇಶಗಳು ತಮ್ಮ ಇಡೀ ಆರ್ಥಿಕತೆಗೆ ಅನ್ವಯಿಸುವ ಹಾಗೆ ಮಾಲಿನ್ಯ ಕಡಿತದ ಗುರಿ ಹಾಕಿಕೊಳ್ಳುವ ಬಗ್ಗೆ ‘ಶಲ್’ ಅಂತ ಬಂದಿತ್ತು. ಅಮೆರಿಕದವರಿಗೆ ಬೇಕಿದ್ದದ್ದು ‘ಶುಡ್’. ‘ಶಲ್’ ಅಂದರೆ ಕಾನೂನಿನ ಕಟ್ಟು, ‘ಶುಡ್’ ಅಂದರೆ ಬರೀ ಸಲಹೆ. ‘ಶಲ್’ ಉಳಿದರೆ ಒಪ್ಪಂದವನ್ನು ತಮ್ಮ ಸೆನೆಟ್ ಮುಂದೆ ಇಡಬೇಕಾಗುತ್ತದೆ, ಅಲ್ಲಿ ಅದು ಬಿದ್ದುಹೋಗುತ್ತದೆ ಅನ್ನುವುದು ಅವರ ಭಯ. ಕೊನೆಗೆ ಅಚ್ಚಿನ ತಪ್ಪುಗಳನ್ನು ಓದಿ ಹೇಳುವಾಗ, ಅಲ್ಪವಿರಾಮ ಗಿಲ್ಪವಿರಾಮಗಳ ಸಾಲಿನಲ್ಲಿ ಇದನ್ನೂ ಸೇರಿಸಿ ಓದಿದರು. ‘ಶಲ್’ ಹೋಯಿತು, ‘ಶುಡ್’ ಬಂತು. ಅಧ್ಯಕ್ಷ ಸ್ಥಾನದಲ್ಲಿದ್ದ ಫ್ರಾನ್ಸಿನ ಲೊರಾಂ ಫಾಬ್ಯೂಸ್ ಸುತ್ತಿಗೆ ಬಡಿದರು. ಜಗತ್ತು ಚಪ್ಪಾಳೆ ತಟ್ಟಿತು.

ಈಗ ನನ್ನ ಕಷ್ಟ ಕೇಳಿ. ‘ಶಲ್’ಗೆ ನಮ್ಮ ಕಾನೂನು ಕನ್ನಡದಲ್ಲಿ ‘ತಕ್ಕದ್ದು’ ಇದೆ. ‘ಮಾಡತಕ್ಕದ್ದು’. ‘ಶುಡ್’ಗೆ? ಎಲ್ಲರೂ ‘ಮಾಡಬೇಕು’ ಅಂತ ಬರೆಯುತ್ತಾರೆ. ಆದರೆ ಕನ್ನಡಿಗರ ಕಿವಿಗೆ ‘ಮಾಡಬೇಕು’ ಅಂದರೆ ಮಾಡಲೇಬೇಕು. ‘ತಕ್ಕದ್ದು’ ಅನ್ನುವುದೇ ದೂರದ, ಮೆತ್ತಗಿನ ಮಾತು. ‘ಇದು ನಿನಗೆ ತಕ್ಕದ್ದಲ್ಲ’ ಅಂತ ಬುದ್ಧಿ ಹೇಳುವಾಗ ಬಳಸುವ ಪದ ಅದು. ಅಂದರೆ ಅನುವಾದದಲ್ಲಿ ಇಡೀ ತಕ್ಕಡಿ ತಲೆಕೆಳಗು. ಕನ್ನಡದಲ್ಲಿ ಓದಿದವರು ಶ್ರೀಮಂತ ದೇಶಗಳು ಮಾತು ಕೊಟ್ಟಿವೆ ಅಂದುಕೊಳ್ಳುತ್ತಾರೆ. ಕೊಟ್ಟಿಲ್ಲ. ‘ಮಾಡಿದರೆ ಒಳ್ಳೆಯದು’ ಅಂತ ಬರೆದರೆ ಅರ್ಥ ಹತ್ತಿರ ಬರುತ್ತದೆ, ಆದರೆ ಒಪ್ಪಂದದ ಗಾಂಭೀರ್ಯ ಹೋಗುತ್ತದೆ. ಬಹುಶಃ ಆ ಗಾಂಭೀರ್ಯ ಅಲ್ಲಿ ಇರಲೇ ಇಲ್ಲ.

ಆರು ವರ್ಷದ ನಂತರ ಗ್ಲಾಸ್ಗೋದಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮಾವೇಶದಲ್ಲೂ ಹೀಗೇ ಆಯಿತು. 2021ರ ನವೆಂಬರ್ 13. ಕಲ್ಲಿದ್ದಲಿನ ವಿದ್ಯುತ್ತನ್ನು ಹಂತಹಂತವಾಗಿ ‘ನಿಲ್ಲಿಸುವುದು’ ಅಂತ ಇದ್ದ ಕರಡು, ಕೊನೆಯ ಗಳಿಗೆಯಲ್ಲಿ ಹಂತಹಂತವಾಗಿ ‘ಕಡಿಮೆ ಮಾಡುವುದು’ ಅಂತ ಆಯಿತು. ಸಭೆಯಲ್ಲಿ ಅದನ್ನು ಓದಿದವರು ಭಾರತದ ಸಚಿವ ಭೂಪೇಂದರ್ ಯಾದವ್. ಸಮಾವೇಶದ ಅಧ್ಯಕ್ಷ, ಬ್ರಿಟನ್ನಿನ ಅಲೋಕ್ ಶರ್ಮಾ ಕ್ಷಮೆ ಕೇಳುತ್ತಾ ಗಂಟಲು ಕಟ್ಟಿ ಮಾತು ನಿಲ್ಲಿಸಿದರು. ಬೈಗುಳವೆಲ್ಲ ಭಾರತಕ್ಕೆ ಬಂತು. ಆದರೆ ಮೂರು ದಿನ ಮೊದಲು ಅಮೆರಿಕ ಮತ್ತು ಚೀನಾ ಸೇರಿ ಹೊರಡಿಸಿದ ಹೇಳಿಕೆಯಲ್ಲಿ ಇದೇ ‘ಕಡಿಮೆ ಮಾಡುವುದು’ ಇತ್ತು. ಕಲ್ಲಿದ್ದಲನ್ನೇ ಹಿಡಿದು, ತೈಲ ಮತ್ತು ಅನಿಲದ ಹೆಸರು ಎತ್ತದೇ ಇದ್ದದ್ದೂ ಒಂದು ಭಾಷೆಯೇ. ತೈಲ, ಅನಿಲ, ಕಲ್ಲಿದ್ದಲು ಮೂರೂ ಸೇರುವ ‘ಪಳೆಯುಳಿಕೆ ಇಂಧನ’ಗಳಿಂದ ದೂರ ಸರಿಯುವ ಮಾತು ಈ ಸಮಾವೇಶಗಳ ನಿರ್ಣಯದಲ್ಲಿ ಮೊದಲ ಸಲ ಬಂದದ್ದು 2023ರಲ್ಲಿ, ದುಬೈಯಲ್ಲಿ. ಸಮಾವೇಶಗಳು ಶುರುವಾಗಿ ಸುಮಾರು ಮೂರು ದಶಕವಾದ ಮೇಲೆ! ರೋಗದ ಹೆಸರು ಹೇಳದೆ ಅಷ್ಟು ವರ್ಷ ಔಷಧಿ ಬಗ್ಗೆ ಚರ್ಚೆ ಮಾಡಿದರು.

ಕ್ರಿಯಾಪದ ಬಿಡಿ, ನಾಮಪದಕ್ಕೆ ಬರೋಣ. ‘ಕಾಡು’ ಅಂದರೆ ಏನು?

ನಿಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ಜಾಸ್ತಿ ಜಾಗ, 5 ಮೀಟರಿಗಿಂತ ಎತ್ತರದ ಮರ, 10 ಶೇಕಡಕ್ಕಿಂತ ಜಾಸ್ತಿ ನೆರಳು ಇದ್ದರೆ ಕಾಡು. ಮರಗಳು ಇನ್ನೂ ಅಷ್ಟು ಬೆಳೆದಿಲ್ಲ, ಮುಂದೆ ಬೆಳೆಯುತ್ತವೆ ಅಂದರೂ ನಡೆಯುತ್ತದೆ. ರಬ್ಬರ್ ತೋಟ ಕಾಡು. ಎಣ್ಣೆ ತಾಳೆಯ ತೋಟ ಕಾಡಲ್ಲ. ಕಡಿದು ಬೋಳಾಗಿರುವ ಜಾಗದಲ್ಲಿ ಮತ್ತೆ ಮರ ಬರುವುದಿದ್ದರೆ ಅದೂ ಕಾಡು. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕ ಬೇರೆ. ಒಂದು ಹೆಕ್ಟೇರ್ ಜಾಗದಲ್ಲಿ 10 ಶೇಕಡ ನೆರಳು ಇದ್ದರೆ ಸಾಕು, ಅದು ‘ಅರಣ್ಯ ಹೊದಿಕೆ’. ಜಮೀನು ಯಾರದ್ದು, ಮರ ಯಾವುದು ಅಂತ ಕೇಳುವುದಿಲ್ಲ. ಹಣ್ಣಿನ ತೋಟವೂ ಆಗುತ್ತದೆ, ನೀಲಗಿರಿ ನೆಡುತೋಪೂ ಆಗುತ್ತದೆ. ಆಮೇಲೆ ಎರಡು ವರ್ಷಕ್ಕೊಮ್ಮೆ ವರದಿ ಬಂದಾಗ ‘ಅರಣ್ಯ ಹೆಚ್ಚಾಗಿದೆ’ ಅಂತ ತಲೆಬರಹ. ಆನೆಗೆ ಯಾರೂ ಈ ಸುದ್ದಿ ಮುಟ್ಟಿಸಿಲ್ಲ.

ಪದದ ಅರ್ಥಕ್ಕೆ ಕೋರ್ಟು ಮೆಟ್ಟಿಲೇರಿದ ಕತೆಯೂ ಇದೆ. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸರಳ ಮಾತು ಹೇಳಿತು. ಅರಣ್ಯ ಅಂದರೆ ನಿಘಂಟಿನಲ್ಲಿ ಇರುವ ಅರ್ಥ. ದಾಖಲೆಯಲ್ಲಿ ಅರಣ್ಯ ಅಂತ ಬರೆದಿರಲಿ, ಬಿಡಲಿ, ಮಾಲೀಕರು ಯಾರೇ ಇರಲಿ, ಕಾಡಿನ ಹಾಗಿದ್ದರೆ ಅದು ಕಾಡು. ಅಷ್ಟು ಸರಳ ಮಾತು ದೊಡ್ಡ ವಿಸ್ತಾರದ ಮರಗಳನ್ನು ಕಾಪಾಡಿತು. ಅರಣ್ಯ ಸಂರಕ್ಷಣಾ ಕಾಯ್ದೆಯ 2023ರ ತಿದ್ದುಪಡಿ ಈ ಅರ್ಥವನ್ನು ಕಿರಿದು ಮಾಡಿತು. 2024ರ ಫೆಬ್ರವರಿಯಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ ಹಳೆಯ ಅರ್ಥವನ್ನೇ ಹಿಡಿಯಿರಿ ಅಂದಿತು. ನೋಡಿ, ಗರಗಸ ಹಿಡಿದವನು ಬರುವ ಮೊದಲು ನಿಘಂಟು ಹಿಡಿದವನು ಬಂದಿರುತ್ತಾನೆ.

ಕಾಡಿಗಾದರೂ ಜಗಳ ಆಡುವವರು ಇದ್ದಾರೆ. ಹುಲ್ಲುಗಾವಲಿಗೆ ಯಾರೂ ಇಲ್ಲ. ಕಂದಾಯ ತರದ ಭೂಮಿ ‘ವೇಸ್ಟ್’ ಅನ್ನುವ ಬ್ರಿಟಿಷರ ಲೆಕ್ಕ ಇವತ್ತಿಗೂ ನಕ್ಷೆಗಳಲ್ಲಿ ‘ವೇಸ್ಟ್‌ಲ್ಯಾಂಡ್’ ಅಂತ ಉಳಿದಿದೆ. ಹುಲ್ಲು, ಕುರುಚಲು, ಕಲ್ಲುಬೀಡು ಎಷ್ಟೋ ಅದರೊಳಗೆ ಸೇರಿಹೋಗಿವೆ. ಕನ್ನಡಕ್ಕೆ ತರುವಾಗ ‘ಪಾಳು ಭೂಮಿ’ ಅಂತ ಬರೆಯಬೇಕು. ಕುರಿ ಮೇಯುವ ಜಾಗ, ತೋಳ ಓಡುವ ಜಾಗ, ಹುಲ್ಲುಹಕ್ಕಿ ಗೂಡು ಕಟ್ಟುವ ಜಾಗ ಪಾಳು ಹೇಗಾಯಿತು? ನಮ್ಮ ಪದವನ್ನೇ ಬಿಡಿಸಿ ನೋಡಿ. ಹುಲ್ಲು ಮತ್ತು ಕಾವಲು ಸೇರಿ ಹುಲ್ಲುಗಾವಲು. ಕಾಯ್ದುಕೊಳ್ಳಬೇಕಾದದ್ದು ಅಂತ ಹೆಸರಿನಲ್ಲೇ ಇದೆ. ‘ಪಾಳು’ ಅಂತ ಒಮ್ಮೆ ಬರೆದ ಮೇಲೆ ಅಲ್ಲಿ ಏನು ಕಟ್ಟಿದರೂ ಅದು ‘ಅಭಿವೃದ್ಧಿ’, ಸೋಲಾರ್ ಫಲಕ ಹಾಕಿದರಂತೂ ‘ಹಸಿರು’ ಅಭಿವೃದ್ಧಿ. ಸೋಲಾರ್ ಬೇಡ ಅಂತಲ್ಲ. ಏನನ್ನು ಕಳೆದುಕೊಂಡು ಪಡೆಯುತ್ತಿದ್ದೇವೆ ಅಂತ ಲೆಕ್ಕ ಬರೆಯುವ ಮೊದಲೇ, ಕಳೆದುಕೊಳ್ಳಲು ಅಲ್ಲಿ ಏನೂ ಇಲ್ಲ ಅಂತ ಒಂದು ಪದ ತೀರ್ಪು ಕೊಟ್ಟುಬಿಟ್ಟಿದೆ.

ತಪ್ಪೆಲ್ಲ ಇಂಗ್ಲಿಷಿನದ್ದೇ ಅಂತ ಹೇಳಿದರೆ ನನ್ನ ಮೈಮೇಲೇ ಬರುತ್ತದೆ. ಕನ್ನಡದಲ್ಲಿ ನಾವು ಮಾಡಿಕೊಂಡ ಎಡವಟ್ಟೂ ಕಡಿಮೆ ಇಲ್ಲ. ‘ಹವಾಮಾನ ಬದಲಾವಣೆ’ಯನ್ನೇ ತೆಗೆದುಕೊಳ್ಳಿ. ಹವಾಮಾನ ಅಂದರೆ ಇವತ್ತಿನ ಮಳೆ, ನಾಳೆಯ ಬಿಸಿಲು. ಅದು ಬದಲಾಗುವುದು ಸಹಜ ಅಲ್ವಾ? ಶಾಲೆಯ ಪಾಠದಲ್ಲಿ ದೀರ್ಘಕಾಲದ್ದಕ್ಕೆ ‘ವಾಯುಗುಣ’ ಅಂತ ಬೇರೆ ಪದ ಇತ್ತು. ಪತ್ರಿಕೆಗಳು ಅದನ್ನು ಬಿಟ್ಟುಬಿಟ್ಟವು. ನಾನೂ ಬಿಟ್ಟೆ, ಯಾಕೆಂದರೆ ‘ಜನಕ್ಕೆ ಗೊತ್ತಾಗಲ್ಲ’ ಅಂತ ಸಂಪಾದಕರು ತಿದ್ದುತ್ತಿದ್ದರು. ಇಂಗ್ಲಿಷಿನಲ್ಲಿ ಈ ಆಟವನ್ನು ಗೊತ್ತಿದ್ದೇ ಆಡಿದರು. 2002ರ ಹೊತ್ತಿಗೆ ಅಮೆರಿಕದ ರಿಪಬ್ಲಿಕನ್ ಪಕ್ಷಕ್ಕೆ ಸಲಹೆ ಕೊಡುತ್ತಿದ್ದ ಫ್ರಾಂಕ್ ಲಂಟ್ಜ್, ‘ಭೂಮಿ ಬಿಸಿಯಾಗುವುದು’ ಅನ್ನುವುದಕ್ಕಿಂತ ‘ಹವಾಮಾನ ಬದಲಾವಣೆ’ ಅನ್ನುವುದು ಕಡಿಮೆ ಹೆದರಿಸುತ್ತದೆ ಅಂತ ಟಿಪ್ಪಣಿ ಬರೆದುಕೊಟ್ಟರು. 2019ರಲ್ಲಿ ಅದೇ ಲಂಟ್ಜ್ ಸೆನೆಟ್ ಸದಸ್ಯರ ಮುಂದೆ ಕೂತು ಆಗ ತಾನು ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡರು. ಅದೇ ವರ್ಷ ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆ ‘ಬದಲಾವಣೆ’ಯ ಜಾಗದಲ್ಲಿ ‘ತುರ್ತುಸ್ಥಿತಿ’, ‘ಬಿಕ್ಕಟ್ಟು’ ಪದಗಳನ್ನು ಬಳಸಲು ತನ್ನವರಿಗೆ ಹೇಳಿತು. ನನಗೆ ಅದೂ ಪೂರ್ತಿ ಒಪ್ಪಿಗೆಯಿಲ್ಲ. ದಿನಾ ತುರ್ತು ಅಂದರೆ ತುರ್ತಿಗೂ ಬೆಲೆ ಇರುವುದಿಲ್ಲ.

ಇನ್ನೊಂದು ಪದ ‘ಪರಿಹಾರ’. ಕನ್ನಡದಲ್ಲಿ ಸಮಸ್ಯೆ ಬಗೆಹರಿಸುವುದೂ ಪರಿಹಾರ, ಆದ ನಷ್ಟಕ್ಕೆ ಕೊಡುವ ದುಡ್ಡೂ ಪರಿಹಾರ. ಮನೆ ಕೊಚ್ಚಿಹೋದವರಿಗೆ ಎರಡೂ ಒಂದೇ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಪ್ಯಾರಿಸ್ ಒಪ್ಪಂದವನ್ನು ಅಂಗೀಕರಿಸಿದ ನಿರ್ಣಯದ 51ನೇ ಪ್ಯಾರಾ ತೆಗೆದು ನೋಡಿ. ‘ನಷ್ಟ ಮತ್ತು ಹಾನಿ’ಯ 8ನೇ ವಿಧಿ ಯಾವ ಹೊಣೆಗಾರಿಕೆಗೂ, ಯಾವ ಪರಿಹಾರಧನಕ್ಕೂ ಆಧಾರವಲ್ಲ ಅಂತ ಸ್ಪಷ್ಟವಾಗಿದೆ. ನಷ್ಟ ಆಗಿದೆ, ಒಪ್ಪಿದ್ದೇವೆ. ಮಾಡಿದವರು? ಮತ್ತೆ ಬಾಲವಿಲ್ಲದ ಕ್ರಿಯಾಪದ. ಬದಲಾದ ಹವೆಗೆ ತಕ್ಕ ಹಾಗೆ ಬದುಕನ್ನು ತಿದ್ದಿಕೊಳ್ಳುವ ಅಡಾಪ್ಟೇಷನ್‌ಗೆ ನಾವು ಇಟ್ಟುಕೊಂಡಿರುವ ‘ಹೊಂದಾಣಿಕೆ’ ಅಂತೂ ಕೇಳಲೇಬೇಡಿ. ಹೊಂದಾಣಿಕೆ ರಾಜಕಾರಣ ನೋಡಿದ ಜನರಿಗೆ ಆ ಪದ ಕೇಳಿದ ತಕ್ಷಣ ನಗು ಬರುತ್ತದೆ.

ವಿಜ್ಞಾನಿಗಳ ಪದಗಳ ಕತೆಯೂ ಇದಕ್ಕೆ ಸೇರಿದ್ದೇ. ಹವಾಮಾನ ಬದಲಾವಣೆಯ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ ವರದಿಯಲ್ಲಿ ‘ಲೈಕ್ಲಿ’ ಅಂದರೆ ಆಗುವ ಸಂಭವ 66 ಶೇಕಡ ಅಥವಾ ಜಾಸ್ತಿ, ‘ವೆರಿ ಲೈಕ್ಲಿ’ ಅಂದರೆ 90 ಅಥವಾ ಜಾಸ್ತಿ. ಅಳೆದು ಇಟ್ಟ ಪದಗಳು. ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣ ಅನ್ನುವ ಮಾತು 1995ರಲ್ಲಿ ‘ಗುರುತಿಸಬಹುದಾದ ಪ್ರಭಾವ’ದಿಂದ ಶುರುವಾಗಿ, ಪ್ರತಿ ವರದಿಯಲ್ಲೂ ಗಟ್ಟಿಯಾಗುತ್ತಾ, 2021ರಲ್ಲಿ ‘ಸಂಶಯಕ್ಕೆ ಎಡೆಯಿಲ್ಲ’ ಅನ್ನುವಲ್ಲಿಗೆ ಬಂತು. ಕನ್ನಡದಲ್ಲಿ ‘ಲೈಕ್ಲಿ’ ಏನಾಗುತ್ತದೆ ಗೊತ್ತಾ? ‘ಸಾಧ್ಯತೆ ಇದೆ’. ಸಂಜೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ ಇದೆ ಅನ್ನುವ ಅದೇ ಸಾಧ್ಯತೆ. ಯಾರೂ ಕೊಡೆ ತೆಗೆದುಕೊಂಡು ಹೋಗುವುದಿಲ್ಲ.

ಹಾಗಾದರೆ ಕನ್ನಡಕ್ಕೆ ತರುವುದೇ ಬೇಡವೇ? ಬೇಡ ಅನ್ನುವವರು ನಿಮ್ಮಲ್ಲೇ ಇದ್ದಾರೆ. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

2020ರ ಮಾರ್ಚ್ 23ರ ತಾರೀಖು ಹಾಕಿಕೊಂಡು ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಅಧಿಸೂಚನೆ ತಯಾರಾಯಿತು. ಯಾವ ಯೋಜನೆಗೆ ಜನರ ಅಹವಾಲು ಕೇಳಬೇಕು, ಯಾವುದಕ್ಕೆ ಬೇಡ ಅನ್ನುವುದನ್ನೇ ಬದಲಿಸುವ ಕರಡು. ಅದಕ್ಕೆ ಜನರ ಅಭಿಪ್ರಾಯ ಕೇಳುವ ಹೊತ್ತಿಗೆ ದೇಶ ಲಾಕ್‌ಡೌನಿನಲ್ಲಿತ್ತು. ಕರಡು ಇದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ದೇಶದ ಎಲ್ಲರೂ ಅಭಿಪ್ರಾಯ ಕಳಿಸಬಹುದಿತ್ತು, ಓದಲು ಬಂದರೆ! ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಇದನ್ನು ಹತ್ತು ದಿನದಲ್ಲಿ ಅನುವಾದಿಸಿ ಅಂತ ಹೇಳಿತು. ಅಭಿಪ್ರಾಯ ಕಳಿಸುವ ಕೊನೆಯ ದಿನವನ್ನು ಆಗಸ್ಟ್ 11ಕ್ಕೆ ಒಯ್ದಿತು. ಸರ್ಕಾರ ಅನುವಾದ ಮಾಡಿಸುವ ಬದಲು ಸುಪ್ರೀಂ ಕೋರ್ಟಿಗೆ ಹೋಯಿತು. ಕಾನೂನಿನ ಪ್ರಕಾರ ಹಿಂದಿ ಮತ್ತು ಇಂಗ್ಲಿಷ್ ಸಾಕು ಅನ್ನುವುದು ಅದರ ವಾದ. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್. ಎ. ಬೊಬ್ಡೆ, ಹಾಗಿದ್ದರೆ ಆ ಅಧಿಕೃತ ಭಾಷಾ ಕಾಯ್ದೆಯನ್ನೇ ತಿದ್ದುವ ಬಗ್ಗೆ ಯೋಚಿಸಿ ಅನ್ನುವ ಅರ್ಥದ ಮಾತಾಡಿದರು.

ಒಂದು ಕ್ಷಣ ನಿಂತು ಯೋಚಿಸಿ. ಅನುವಾದ ಮಾಡುವ ಖರ್ಚಿಗಿಂತ ಮಾಡದೇ ಇರುವುದಕ್ಕೆ ಜಾಸ್ತಿ ಓಡಾಡಿದ್ದಾರೆ.

ಈಗ ಜಾರಿಯಲ್ಲಿರುವ 2006ರ ಅಧಿಸೂಚನೆಯೂ ಸ್ಥಳೀಯ ಭಾಷೆಗೆ ಕೊಟ್ಟಿರುವ ಪಾಲು ಸಾರಾಂಶ. ಪೂರ್ತಿ ವರದಿ ಇಂಗ್ಲಿಷಿನಲ್ಲೇ ಇದ್ದರೆ ನಡೆಯುತ್ತದೆ. ಅಹವಾಲು ಸಭೆಯ ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಅಂತ ಇದೆ, ಅದು ಒಳ್ಳೆಯದೇ. ಆದರೆ ಜನ ಪ್ರಶ್ನೆ ಕೇಳಬೇಕಾದದ್ದು ಓದಿದ ಮೇಲೆ ತಾನೆ? ಅಂತರ್ಜಲದ ಕೋಷ್ಟಕ, ಗಾಳಿಯ ದಿಕ್ಕಿನ ನಕ್ಷೆ, ದೂಳಿನ ಅಳತೆ ಎಲ್ಲ ಇರುವುದು ಪೂರ್ತಿ ವರದಿಯಲ್ಲಿ. ಸಾರಾಂಶದಲ್ಲಿ ಇರುವುದು ‘ನಿರೀಕ್ಷಿಸಲಾಗಿದೆ’. ಅಲ್ಲಿ ಎದ್ದು ನಿಂತ ರೈತರು ‘ನಮ್ಮ ಬೋರಿನ ನೀರು ಏನಾಗ್ತದೆ’ ಅಂತ ಕೇಳಿದರೆ ಅದು ‘ಭಾವನಾತ್ಮಕ ಆಕ್ಷೇಪ’. ಅದನ್ನೇ ಇಂಗ್ಲಿಷಿನಲ್ಲಿ ಕೋಷ್ಟಕದ ಸಂಖ್ಯೆ ಹಿಡಿದು ಕೇಳಿದರೆ ‘ತಾಂತ್ರಿಕ ಆಕ್ಷೇಪ’. ಬೋರು ಅದೇ, ನೀರು ಅದೇ.

ಬೇರೆ ಕಡೆ ಇದನ್ನು ಸ್ವಲ್ಪ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಎಸ್ಕಜು ಒಪ್ಪಂದ 2018ರದ್ದು. ಯೋಜನೆಯಿಂದ ನೇರ ತೊಂದರೆಗೆ ಒಳಗಾಗುವವರ ಮಾತು ಅಧಿಕೃತ ಭಾಷೆಗಿಂತ ಬೇರೆಯಾಗಿದ್ದರೆ, ಅವರಿಗೆ ಅರ್ಥವಾಗುವ ಹಾಗೆ, ಭಾಗವಹಿಸಲು ಆಗುವ ಹಾಗೆ ಮಾಡುವುದು ಸರ್ಕಾರದ ಹೊಣೆ ಅಂತ ಅದರಲ್ಲಿ ಬರೆದಿದೆ. ನ್ಯೂಜಿಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2017ರಲ್ಲಿ ವಾಂಗನುಯಿ ನದಿಗೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಕೊಟ್ಟಾಗ, ಕಾಯ್ದೆಯ ಹೆಸರಿನಲ್ಲೇ ಅಲ್ಲಿನ ಮೂಲನಿವಾಸಿ ಮಾವೊರಿಗಳ ಮಾತನ್ನು ಉಳಿಸಿಕೊಂಡರು: ‘ತೆ ಆವಾ ತುಪುವಾ’. ‘ನಾನೇ ನದಿ, ನದಿಯೇ ನಾನು’ ಅನ್ನುವ ಅವರ ಮಾತೂ ಕಾಯ್ದೆಯೊಳಗೆ ಇದೆ. ಬೆಟ್ಟದಿಂದ ಕಡಲವರೆಗೆ ನದಿ ಒಂದೇ ಜೀವ ಅನ್ನುವುದನ್ನು ಇಂಗ್ಲಿಷ್ ಕಾನೂನಿಗೆ ಹೇಳಿಕೊಟ್ಟದ್ದು ಆ ಭಾಷೆ. ಅಲ್ಲಿಯವರೆಗೆ ಕಾನೂನಿಗೆ ಗೊತ್ತಿದ್ದದ್ದು ನದಿಯ ತಳ ಬೇರೆ, ದಂಡೆ ಬೇರೆ, ನೀರು ಬೇರೆ. ಈಕ್ವೆಡಾರ್ ತನ್ನ 2008ರ ಸಂವಿಧಾನದಲ್ಲಿ ‘ಪಾಚಮಾಮ’ (ಭೂತಾಯಿ) ಅಂತ ಅಲ್ಲಿನ ಮೂಲನಿವಾಸಿಗಳ ಪದವನ್ನೇ ಬರೆಯಿತು. ಇದರಿಂದ ಅಲ್ಲಿ ಎಲ್ಲ ಸರಿಹೋಯಿತು ಅಂತಲ್ಲ. ಗಣಿಗಳು ಇವೆ, ಜಗಳಗಳೂ ಇವೆ. ಆದರೆ ಜಗಳ ಆಡಲು ಅವರ ಕೈಯಲ್ಲಿ ತಮ್ಮದೇ ಪದ ಇದೆ.

ನನಗೆ ದೊಡ್ಡ ಬೇಡಿಕೆ ಏನೂ ಇಲ್ಲ. ಕರಡು ಬರೆಯುವಾಗಲೇ ಅನುವಾದಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಲ್ಲ ಮುಗಿದ ಮೇಲೆ ಹತ್ತು ದಿನ ಕೊಟ್ಟು ಓಡಿಸಬೇಡಿ. ನಿಮ್ಮ ವಾಕ್ಯ ನಮ್ಮ ಭಾಷೆಗೆ ಬರಲು ಹಟ ಮಾಡುತ್ತಿದೆ ಅಂದರೆ, ಹೆಚ್ಚಿನ ಸಲ ಅದು ನಮ್ಮ ಭಾಷೆಯ ಬಡತನವಲ್ಲ. ವಾಕ್ಯದಲ್ಲಿ ಏನೋ ಬಚ್ಚಿಟ್ಟಿದ್ದೀರಿ. ಪೂರ್ತಿ ವರದಿಯನ್ನು ಜನರ ಭಾಷೆಯಲ್ಲಿ ಕೊಡಿ, ಸಾರಾಂಶವನ್ನಲ್ಲ. ಪದಗಳಿಗೆ ಅರ್ಥ ಕೊಡುವ ಪುಟವನ್ನು ಮೊದಲು ಜನರ ಮುಂದೆ ಇಡಿ, ಯಾಕೆಂದರೆ ಕಾಡು ಹೋಗುವುದು ಅಲ್ಲೇ. ಮತ್ತೆ ಆ ‘ಲಾಗುವುದು’ ಇದೆಯಲ್ಲ, ಅದನ್ನು ದಯವಿಟ್ಟು ಬಿಟ್ಟುಬಿಡಿ.

ಆ ಎರಡು ವಾಕ್ಯಗಳನ್ನು ನಾನು ಕೊನೆಗೆ ಅವರು ಹೇಳಿದ ಹಾಗೇ ಬರೆದುಕೊಟ್ಟೆ. ದುಡ್ಡೂ ಬಂತು. ಈಗ ಮತ್ತೆ ಬರೆದಿದ್ದೇನೆ, ಇಲ್ಲಿ ನೋಡಿ:

‘ಈ ಕೆಲಸದಿಂದ ಕೆರೆಯ ನೀರು ________ ತಿಂಗಳು ಕುಡಿಯಲು ಬರುವುದಿಲ್ಲ. ಅದನ್ನು ________ ಅವರು ________ರೊಳಗೆ ತಮ್ಮ ಖರ್ಚಿನಲ್ಲಿ ಸರಿ ಮಾಡುತ್ತಾರೆ.’

ಮೂರು ಕಡೆ ಖಾಲಿ ಬಿಟ್ಟಿದ್ದೇನೆ. ಮೂಲದಲ್ಲಿ ಹುಡುಕಿದೆ, ಸಿಗಲಿಲ್ಲ. ತುಂಬಿ ಕಳಿಸಿದರೆ ಅನುವಾದ ಮುಗಿಸುತ್ತೇನೆ.

ಇತಿ,
ಒಬ್ಬ ಅನುವಾದಕಿ